ಡಚ್ ಭಾಷೆಯ ಲೇಖಕರು ನಮ್ಮೂರಲ್ಲಿ ಓದಿದ್ರೆ ಯಾರು ಕೇಳ್ತಾರೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಇದೇ ಅಂಕಣಕ್ಕೆ ಶಿವಮೊಗ್ಗದ ಒಂದು ಓದುಗರ ಬಳಗದವರು ಪತ್ರ ಬರೆದಿದ್ರು. ಡಚ್ ಭಾಷೇಲಿ ಬರೆಯೋ ಲೇಖಕರನ್ನ ಕರೆಸಿ, ಅವರ ಬಾಯಿಂದಲೇ ಅವರ ಪುಸ್ತಕ ಓದಿಸಿ, ಆಮೇಲೆ ಎದುರು ಕೂರಿಸ್ಕೊಂಡು ಮಾತಾಡಿಸೋ ಒಂದು ಸಂಜೆ ಮಾಡ್ಬೇಕು ಅಂತಿದೀವಿ, ಆಗುತ್ತಾ ಅಂತ ಕೇಳಿದ್ರು. ಡಚ್ ಭಾಷೆಯ ಲೇಖಕರನ್ನ ಖಂಡಿತ ಕರೆಸಿ ಅಂತ ಎರಡು ಸಾಲು ಉತ್ತರ ಬರೆದಿದ್ದೆ ಅಷ್ಟೆ. ಅದನ್ನ ಓದಿ ಸಾಗರದಿಂದ, ತೀರ್ಥಹಳ್ಳಿಯಿಂದ, ಹೊಸನಗರದಿಂದ ಎಲ್ಲ ಪತ್ರ ಬಂದಿದೆ, ಕೆಲವರು ಖುಷಿಯಿಂದ ಬರೆದಿದಾರೆ, ಕೆಲವರಿಗೆ ಸಿಟ್ಟು ಬಂದಿದೆ. ಹಾಗಾಗಿ ಈ ಸಲ ಅಂಕಣದ ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ (ಸಾಗರ, ನಿವೃತ್ತ ಮೇಷ್ಟ್ರು): ಮೇಡಂ, ನಮ್ಮಲ್ಲಿ ಪುಸ್ತಕ ಬಿಡುಗಡೆಗೆ ಕಾಫಿ ತಿಂಡಿ ಇಟ್ರೂ ಜನ ಸೇರಲ್ಲ. ಡಚ್ಚರ ದೇಶ ನೆದರ್ಲೆಂಡ್ಸ್‌ನಲ್ಲಿ ಲೇಖಕರು ಓದೋದನ್ನ ಕೇಳಕ್ಕೆ ಟಿಕೆಟ್ ತಗೊಂಡು ಬರ್ತಾರಂತೆ, ನಿಜವಾ? ಅಲ್ಲಿ ಅಂಥಾದ್ದು ಏನು ನಡೆಯುತ್ತೆ?

ಉತ್ತರ: ನಿಜ ಸಾರ್, ಟಿಕೆಟ್ ತಗೊಂಡೇ ಬರ್ತಾರೆ, ಅದೂ ಇವತ್ತು ನಿನ್ನೆ ಶುರುವಾಗಿದ್ದಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕರೇ ಅಂತ ಒಂದು ದೊಡ್ಡ ಥಿಯೇಟರ್ ಇದೆ, ಮೊದಲು ಸರ್ಕಸ್ಸಿಗೆ ಅಂತ ಕಟ್ಟಿದ್ದು. 1966ರ ಫೆಬ್ರವರೀಲಿ ಒಂದಷ್ಟು ಕವಿಗಳು ಸೇರ್ಕೊಂಡು ಅಲ್ಲಿ ಒಂದು ರಾತ್ರಿ ಬರೀ ಕವಿತೆ ಓದಿದ್ರು. 1970ರಿಂದ ರಾಟರ್‌ಡ್ಯಾಮ್‌ನಲ್ಲಿ ಬೇರೆ ಬೇರೆ ದೇಶದ ಕವಿಗಳನ್ನ ಕರೆಸೋ ಹಬ್ಬ ಶುರುವಾಯ್ತು, 1980ರಲ್ಲಿ ಯುಟ್ರೆಕ್ಟ್ ಅನ್ನೋ ಊರಲ್ಲಿ ಕಾವ್ಯದ ರಾತ್ರಿ ಅಂತಲೇ ಒಂದು ಶುರುವಾಯ್ತು, ಅಲ್ಲಿ ಒಬ್ಬರಾದ್ಮೇಲೆ ಒಬ್ಬರು ಕವಿಗಳು ಬಂದು ಓದ್ತಾರೆ, ಮಧ್ಯ ಮಧ್ಯ ಸಂಗೀತ ಇರುತ್ತೆ, ಮುಗಿಯೋ ಹೊತ್ತಿಗೆ ಮಧ್ಯರಾತ್ರಿ ಕಳೆದಿರುತ್ತೆ.

ಕಾದಂಬರಿಕಾರರ ಸಂಜೆ ಆದ್ರೆ ಸಾಮಾನ್ಯವಾಗಿ ಹೀಗೆ ನಡೆಯುತ್ತೆ. ಲೇಖಕರು ಒಂದು ಹತ್ತು ನಿಮಿಷ ಓದ್ತಾರೆ. ಆಮೇಲೆ ಪುಸ್ತಕನ ಪೂರ್ತಿ ಓದ್ಕೊಂಡು ಬಂದಿರೋ ಒಬ್ಬರು ಎದುರು ಕೂತು ಪ್ರಶ್ನೆ ಕೇಳ್ತಾರೆ, ಮತ್ತೆ ಒಂದು ಭಾಗ ಓದು, ಮತ್ತೆ ಮಾತು, ಕೊನೇಲಿ ಪ್ರೇಕ್ಷಕರ ಪ್ರಶ್ನೆ. ಹೊರಗೆ ಪುಸ್ತಕದ ಮೇಜು ಇರುತ್ತೆ, ಜನ ಸಾಲಲ್ಲಿ ನಿಂತು ಸಹಿ ಹಾಕಿಸ್ಕೋತಾರೆ. ಶಾಲು ಹಾರ ಫಲತಾಂಬೂಲ ಅಧ್ಯಕ್ಷರ ನುಡಿ ಇದ್ಯಾವುದೂ ಇರಲ್ಲ. ನಮ್ಮಲ್ಲಿ ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ, ಮೂರು ಜನ ಮುಖ್ಯ ಅತಿಥಿಗಳು ಎಲ್ಲ ಮುಗಿದು ಪುಸ್ತಕ ಬರೆದವರ ಕೈಗೆ ಮೈಕ್ ಬರೋ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕ್ತಿರ್ತಾರೆ, ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷಯ. ಬರೆದವರ ದನಿಗೆ ಸಂಜೆಯ ಒಳ್ಳೇ ಹೊತ್ತು ಸಿಗಬೇಕು, ನಾನು ಈ ಕಾರ್ಯಕ್ರಮ ಮಾಡಿ ಮಾಡಿ ಅಂತ ಹೇಳ್ತಿರೋದೇ ಅದಕ್ಕೆ.

ಹಂಗಂತ ಇದು ನಮಗೆ ಹೊಸದಾ? ಶಿವಮೊಗ್ಗದಿಂದ ಸ್ವಲ್ಪ ದೂರದಲ್ಲೇ ಹೊಸಹಳ್ಳಿ ಇದೆ, ಗಮಕದ ಊರು. ಅಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯ ವಾಚನ ಮಾಡ್ತಾರೆ, ಪಕ್ಕದಲ್ಲಿ ಕೂತವರು ಬಿಡಿಸಿ ಬಿಡಿಸಿ ಅರ್ಥ ಹೇಳ್ತಾರೆ, ಮತ್ತೆ ವಾಚನ, ಮತ್ತೆ ವ್ಯಾಖ್ಯಾನ. ಓದು ಮತ್ತೆ ಮಾತು ಒಂದರ ಬೆನ್ನಿಗೆ ಒಂದು ಬರೋ ಸಂಜೆ ಹೆಂಗಿರುತ್ತೆ ಅಂತ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ವಿಷಯ ಹೇಳ್ಬೇಕು, ನಂಗೆ ತುಂಬಾ ಇಷ್ಟವಾದ್ದು. ನೆದರ್ಲೆಂಡ್ಸ್‌ನಲ್ಲಿ 1932ರಿಂದ ಪುಸ್ತಕ ವಾರ ಅಂತ ಮಾಡ್ತಾ ಬಂದಿದಾರೆ. ಆ ವಾರದಲ್ಲಿ ಅಂಗಡೀಲಿ ಇಂತಿಷ್ಟು ದುಡ್ಡಿನ ಪುಸ್ತಕ ಕೊಂಡ್ರೆ, ಆ ವರ್ಷಕ್ಕೆ ಅಂತಲೇ ಒಬ್ಬ ಲೇಖಕರ ಕೈಲಿ ಬರೆಸಿದ ಒಂದು ಸಣ್ಣ ಪುಸ್ತಕ ಉಚಿತವಾಗಿ ಕೊಡ್ತಾರೆ. ಎಷ್ಟೋ ವರ್ಷ ಆ ವಾರದ ಒಂದು ಭಾನುವಾರ ಆ ಪುಸ್ತಕನೇ ರೈಲ್ ಟಿಕೆಟ್ ಆಗಿತ್ತು, ಚೆಕಿಂಗ್‌ನವರಿಗೆ ಪುಸ್ತಕ ತೋರಿಸಿದ್ರೆ ಸಾಕಿತ್ತು. ಎಷ್ಟು ಚಂದ ಅಲ್ವಾ ಸಾರ್, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗೋ ರೈಲಲ್ಲಿ ಪ್ರತಿಯೊಬ್ಬರ ಕೈಲೂ ಒಂದೇ ಕಥೆ ಪುಸ್ತಕ ಇರೋದನ್ನ ಒಂದ್ಸಲ ಯೋಚನೆ ಮಾಡಿ.

ಪ್ರಶ್ನೆ (ತೀರ್ಥಹಳ್ಳಿ, ಡಿಗ್ರಿ ವಿದ್ಯಾರ್ಥಿನಿ): ಮೇಡಂ ನಂಗೆ ಒಬ್ಬ ಡಚ್ ಲೇಖಕರ ಹೆಸರೂ ಗೊತ್ತಿಲ್ಲ. ನೀವು "ಡಚ್ ಲೇಖಕರು" ಅಂತ ಬರೆಯದೆ "ಡಚ್ ಭಾಷೆಯ ಲೇಖಕರು" ಅಂತ ಯಾಕೆ ಬರೆದ್ರಿ, ಎರಡೂ ಒಂದೇ ಅಲ್ವಾ?

ಉತ್ತರ: ಒಬ್ಬರ ಹೆಸರು ನಿಂಗೆ ಖಂಡಿತ ಗೊತ್ತಿದೆ ಕಣಮ್ಮಾ, ಆನ್ ಫ್ರಾಂಕ್. ಹುಟ್ಟಿದ್ದು ಜರ್ಮನೀಲಿ, ಆದ್ರೆ ಡೈರಿ ಬರೆದಿದ್ದು ಡಚ್‌ನಲ್ಲಿ, ಮೊದಲು ಅಚ್ಚಾಗಿದ್ದೂ ಡಚ್‌ನಲ್ಲೇ, 1947ರಲ್ಲಿ. ನೀನು ಸ್ಕೂಲಲ್ಲೋ ಲೈಬ್ರರೀಲೋ ಅದನ್ನ ನೋಡೇ ಇರ್ತೀಯ.

ಇನ್ನು ಒಂದೇನಾ ಅಂದ್ಯಲ್ಲ, ಒಂದೇ ಅಲ್ಲ. ಡಚ್ ಭಾಷೆ ನೆದರ್ಲೆಂಡ್ಸ್ ಒಂದೇ ದೇಶದ್ದಲ್ಲ. ಬೆಲ್ಜಿಯಂನ ಉತ್ತರ ಭಾಗಕ್ಕೆ ಫ್ಲಾಂಡರ್ಸ್ ಅಂತಾರೆ, ಅಲ್ಲಿಯವರ ಭಾಷೆನೂ ಅದೇ, ಅವರನ್ನ ನೀವು ಡಚ್ಚರು ಅಂದ್ರೆ ಅವರು ಒಪ್ಪಲ್ಲ, ನಾವು ಫ್ಲೆಮಿಶ್ ಅಂತಾರೆ. ಹ್ಯೂಗೋ ಕ್ಲಾಸ್ ಅಲ್ಲಿಯವರು, ಎರಡನೇ ಮಹಾಯುದ್ಧದ ಕಾಲದ ಬೆಲ್ಜಿಯಂ ಬಗ್ಗೆ 1983ರಲ್ಲಿ ಅವರು ಬರೆದ ದೊಡ್ಡ ಕಾದಂಬರಿ ಆ ಭಾಷೆಯ ಮುಖ್ಯ ಪುಸ್ತಕಗಳಲ್ಲಿ ಒಂದು. ಸ್ಟೀಫನ್ ಹರ್ಟ್‌ಮಾನ್ಸ್ ಕೂಡ ಅಲ್ಲಿಯವರೇ, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದ ತಮ್ಮ ಅಜ್ಜ ಬರೆದಿಟ್ಟಿದ್ದ ನೋಟ್‌ಬುಕ್‌ಗಳನ್ನ ಇಟ್ಕೊಂಡು 2013ರಲ್ಲಿ ಒಂದು ಕಾದಂಬರಿ ಮಾಡಿದ್ರು.

ಮತ್ತೆ ಸುರಿನಾಮ್. ದಕ್ಷಿಣ ಅಮೆರಿಕದ ಸಣ್ಣ ದೇಶ, ಡಚ್ಚರ ವಸಾಹತು ಆಗಿತ್ತು, ಸ್ವಾತಂತ್ರ್ಯ ಸಿಕ್ಕಿದ್ದು 1975ರಲ್ಲಿ, ಇವತ್ತಿಗೂ ಆಡಳಿತ ಭಾಷೆ ಡಚ್. 1873ರಲ್ಲಿ ಲಾಲಾ ರೂಖ್ ಅನ್ನೋ ಹಡಗಲ್ಲಿ ನಮ್ಮ ದೇಶದಿಂದಲೇ ಕೂಲಿಗೆ ಅಂತ ಕರಾರು ಮಾಡಿಸ್ಕೊಂಡು ಜನರನ್ನ ಅಲ್ಲಿಗೆ ಒಯ್ದಿದ್ರು, ಅವರ ಮೊಮ್ಮಕ್ಕಳು ಮರಿಮಕ್ಕಳು ಈಗ ಡಚ್ ಮಾತಾಡ್ತಾರೆ, ಡಚ್‌ನಲ್ಲಿ ಬರೀತಾರೆ. ಆಸ್ಟ್ರಿಡ್ ರೂಮರ್ ಆ ದೇಶದಲ್ಲಿ ಹುಟ್ಟಿದ ಲೇಖಕಿ. 1982ರಲ್ಲಿ ಅವರು ಬರೆದ ಕಾದಂಬರಿ, ಗಂಡನ ಮನೆ ಬಿಟ್ಟು ಹೊರಟ ಹೆಣ್ಣೊಬ್ಬಳ ಕಥೆ, ಇಂಗ್ಲಿಷಿಗೆ ಬಂದು 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿಯ ಮೊದಲ ಪಟ್ಟೀಲಿ ಇತ್ತು. ಅದೇ ಪಟ್ಟೀಲಿ ನಮ್ಮ ಬಾನು ಮುಷ್ತಾಕ್ ಅವರ ಪುಸ್ತಕನೂ ಇತ್ತು, ಗೆದ್ದಿದ್ದೂ ಅವರೇ ಅಂತ ನಿಂಗೆ ಗೊತ್ತೇ ಇದೆ. ಕನ್ನಡದ ಕಥೆ, ಸುರಿನಾಮಿನ ಡಚ್ ಕಾದಂಬರಿ, ಎರಡೂ ಹದಿಮೂರು ಪುಸ್ತಕದ ಒಂದೇ ಪಟ್ಟೀಲಿ. ಆ ವರ್ಷ ನಾವೆಲ್ಲ ನಮ್ಮ ಪುಸ್ತಕ ಗೆದ್ದ ಖುಷೀಲಿದ್ವಿ, ಪಕ್ಕದಲ್ಲಿ ಯಾವ ಪುಸ್ತಕ ಇತ್ತು ಅಂತ ನೋಡಿದವರು ಕಮ್ಮಿ. ಈಗ ನೋಡು, ಓದಕ್ಕೆ ಹೊತ್ತಾಗಿಲ್ಲ.

ಪ್ರಶ್ನೆ (ಹೊಸನಗರ ತಾಲೂಕು, ಅಡಿಕೆ ಬೆಳೆಗಾರರು): ಇಲ್ಲಿ ಕೊಳೆ ರೋಗ, ಎಲೆಚುಕ್ಕಿ, ಕೂಲಿ ಆಳು ಸಿಗಲ್ಲ, ನಾವು ಸಾಯ್ತಾ ಇದೀವಿ. ಎಲ್ಲಿಯದೋ ಡಚ್ ಸಾಹಿತ್ಯ ಕೇಳಿ ನಮಗೆ ಎಂತ ಆಗ್ಬೇಕು ಮೇಡಂ? ಪೇಟೆ ಜನಕ್ಕೆ ಹೊತ್ತು ಹೋಗಲ್ಲ ಅಂತ ಮಾಡೋ ಕೆಲಸ ಇದು.

ಉತ್ತರ: ನಿಮ್ಮ ಪತ್ರಕ್ಕೇ ನಾನು ಹೆಚ್ಚು ಜಾಗ ಕೊಡ್ತೀನಿ, ಯಾಕಂದ್ರೆ ಈ ಸಂಜೆ ನಿಜವಾಗಿ ಆಗ್ಬೇಕಾಗಿರೋದು ನಿಮ್ಮಂಥವರಿಗೆ ಅಂತ ನನ್ನ ಅಭಿಪ್ರಾಯ.

ಗೆರ್‌ಬ್ರಾಂಡ್ ಬಾಕ್ಕರ್ ಅಂತ ಒಬ್ಬ ಲೇಖಕರಿದಾರೆ. 2006ರಲ್ಲಿ ಅವರ ಒಂದು ಕಾದಂಬರಿ ಬಂತು, ಇಂಗ್ಲಿಷಲ್ಲಿ ಅದರ ಹೆಸರು ದ ಟ್ವಿನ್. ಹೆಲ್ಮರ್ ಅಂತ ಐವತ್ತು ದಾಟಿದ ಮನುಷ್ಯ, ಮದುವೆ ಆಗಿಲ್ಲ, ಹಸು ಕುರಿ ಎರಡು ಕತ್ತೆ ಸಾಕ್ಕೊಂಡು ಹಳ್ಳಿ ಮನೇಲಿ ಮುದಿ ಅಪ್ಪನ ಜೊತೆ ಇರ್ತಾನೆ. ಇವನಿಗೆ ಒಬ್ಬ ಅವಳಿ ಇದ್ದ, ಹೆಂಕ್ ಅಂತ, ಜಮೀನು ನೋಡ್ಕೊಳ್ಳೋನು ಅವನೇ ಅಂತ ಅಪ್ಪ ತೀರ್ಮಾನ ಮಾಡಿದ್ದ, ಹೆಲ್ಮರ್ ಆಮ್‌ಸ್ಟರ್‌ಡ್ಯಾಮ್‌ಗೆ ಓದಕ್ಕೆ ಹೋಗಿದ್ದ. ಹೆಂಕ್ ಕಾರ್ ಆಕ್ಸಿಡೆಂಟಲ್ಲಿ ಹೋಗ್ಬಿಡ್ತಾನೆ. ಓದು ಸಾಕು, ಮನೆಗೆ ಬಾ ಅಂತ ಅಪ್ಪ ಅಂತಾನೆ. ಬಂದವನು ಆಮೇಲೆ ವಾಪಸ್ ಹೋಗಲೇ ಇಲ್ಲ, ಬೆಳಿಗ್ಗೆ ಹಾಲು ಕರಿ, ಸಂಜೆ ಹಾಲು ಕರಿ, ಹಾಗೇ ಮೂವತ್ತು ವರ್ಷದ ಮೇಲಾಗಿ ಹೋಗಿದೆ. ಕಥೆ ಶುರುವಾಗೋ ದಿನ ಹೆಲ್ಮರ್ ಹಾಸಿಗೆ ಹಿಡಿದ ಅಪ್ಪನನ್ನ ಎತ್ತಿ ಮಹಡಿ ಮೇಲಿನ ಕೋಣೇಲಿ ಮಲಗಿಸಿ, ಕೆಳಗಡೆ ಮನೆಗೆ ಬಣ್ಣ ಬಳಿಯಕ್ಕೆ ಶುರು ಮಾಡ್ತಾನೆ. ಜಗಳ ಇಲ್ಲ, ಕೂಗಾಟ ಇಲ್ಲ, ಅಪ್ಪ ಮಗ ನೆಟ್ಟಗೆ ಎರಡು ಮಾತಾಡಲ್ಲ, ಆದ್ರೆ ಓದ್ತಾ ಓದ್ತಾ ಹೊಟ್ಟೇಲಿ ಏನೋ ಕಿವುಚಿದಂಗಾಗುತ್ತೆ. ಈಗ ಹೇಳಿ, ಡಿಗ್ರಿ ಅರ್ಧಕ್ಕೆ ಬಿಟ್ಟೋ ಬೆಂಗಳೂರಿನ ಕೆಲಸ ಬಿಟ್ಟೋ ತೋಟಕ್ಕೆ ಬಂದು ಕೂತ ಮಗ, ಅವನ ಹತ್ರ ಮಾತಾಡದ ಅಪ್ಪ, ನಿಮ್ಮ ಸೀಮೇಲಿ ಎಷ್ಟು ಮನೇಲಿ ಇಲ್ಲ? ಈ ಕಾದಂಬರಿಗೆ ಇಂಗ್ಲಿಷ್ ಅನುವಾದ ಬಂದ್ಮೇಲೆ 2010ರಲ್ಲಿ ಡಬ್ಲಿನ್‌ನ ದೊಡ್ಡ ಪ್ರಶಸ್ತಿ ಬಂತು, ಒಂದು ಲಕ್ಷ ಯೂರೋದ್ದು, ಅದರಲ್ಲಿ ಕಾಲು ಭಾಗ ಅನುವಾದಕ ಡೇವಿಡ್ ಕೋಲ್ಮರ್ ಅವರಿಗೆ.

ಇನ್ನೊಬ್ಬರು ಲುಕಾಸ್ ರೈನೆವೆಲ್ಡ್, ಕಟ್ಟಾ ಧಾರ್ಮಿಕ ರೈತ ಕುಟುಂಬದಲ್ಲಿ ಬೆಳೆದವರು, ಬರೆಯೋದರ ಜೊತೆಗೆ ಡೇರಿ ಫಾರ್ಮಲ್ಲಿ ಕೆಲಸ ಮಾಡಿದವರು. ಅವರ ಮೊದಲ ಕಾದಂಬರಿಗೆ 2020ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಅವರಿಗೆ 29 ವರ್ಷ. ಅದರಲ್ಲಿ ಹತ್ತು ವರ್ಷದ ಹುಡುಗಿ ಕಥೆ ಹೇಳ್ತಾಳೆ, ಅಣ್ಣ ಮಂಜುಗಟ್ಟಿದ ನೀರಿನ ಮೇಲೆ ಸ್ಕೇಟಿಂಗ್ ಮಾಡಕ್ಕೆ ಹೋದವನು ಮಂಜು ಒಡೆದು ತೀರ್ಕೋತಾನೆ, ಅವತ್ತಿಂದ ಈ ಹುಡುಗಿ ಮೈಮೇಲಿನ ಕೋಟ್ ಬಿಚ್ಚಲ್ಲ. ಅಪ್ಪ ಅಮ್ಮ ದುಃಖದಲ್ಲಿ ಮಾತೇ ಬಿಟ್ಟಿರ್ತಾರೆ. ಅದರ ಮೇಲೆ ಕೊಟ್ಟಿಗೆಗೆ ಕಾಲುಬಾಯಿ ರೋಗ ಬರುತ್ತೆ, ಸರ್ಕಾರದವರು ಬಂದು ಹಸುಗಳನ್ನೆಲ್ಲ ಸಾಯಿಸ್ತಾರೆ. ಕಾಲುಬಾಯಿ ಜ್ವರ ಅಂದ್ರೆ ಏನು, ದನ ಜೊಲ್ಲು ಸುರಿಸ್ಕೊಂಡು ಮೇವು ಮುಟ್ಟದೆ ನಿಂತ್ರೆ ಮನೆಯವರಿಗೆ ಹೆಂಗಾಗುತ್ತೆ ಅಂತ ಬೆಂಗಳೂರಿನ ಸಭಾಂಗಣದಲ್ಲಿ ಕೂತವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಥ ಲೇಖಕರು ಎದುರಿಗೆ ಕೂತಾಗ ಒಳ್ಳೇ ಪ್ರಶ್ನೆ ಬರೋದು ನಿಮ್ಮ ಬಾಯಿಂದಲೇ.

ಕಾಫಿ ವಿಷಯ ಬಿಡಕ್ಕಾಗುತ್ತಾ? ಬಾಬಾ ಬುಡನ್ ಅವರು ಕಾಫಿ ಬೀಜ ತಂದ ಕಥೆ ಮಲೆನಾಡಲ್ಲಿ ಮಕ್ಕಳಿಗೂ ಗೊತ್ತು. ಹದಿನೇಳನೇ ಶತಮಾನದ ಕೊನೇಲಿ ಡಚ್ಚರು ಮಲಬಾರ್ ತೀರದಿಂದಲೇ ಕಾಫಿ ಸಸಿ ಈಗಿನ ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಒಯ್ದಿದ್ದು. ಅಲ್ಲಿ ಅದು ಎಂಥ ಶಾಪ ಆಯ್ತು ಅಂತ ಬರೆದವರು ಎಡುವರ್ಡ್ ಡೌವೆಸ್ ಡೆಕ್ಕರ್, ಮುಲ್ಟಾಟುಲಿ ಅನ್ನೋ ಹೆಸರಲ್ಲಿ, 1860ರಲ್ಲಿ, ಮ್ಯಾಕ್ಸ್ ಹಾವೆಲಾರ್ ಅನ್ನೋ ಕಾದಂಬರಿ. ಅವರೇ ಜಾವಾದಲ್ಲಿ ಡಚ್ ಸರ್ಕಾರದ ಅಧಿಕಾರಿ ಆಗಿದ್ರು, ಜನರ ಮೇಲೆ ನಡೀತಿದ್ದ ಸುಲಿಗೆ ಬಗ್ಗೆ ದೂರು ಕೊಟ್ರು, ಯಾರೂ ಕೇಳಲಿಲ್ಲ, 1856ರಲ್ಲಿ ಕೆಲಸ ಬಿಟ್ಟು ಬಂದ್ರು. ಆಗ ಅಲ್ಲಿ ಏನಿತ್ತು ಅಂದ್ರೆ ರೈತರು ತಮ್ಮ ಜಮೀನಿನ ಒಂದು ಭಾಗದಲ್ಲಿ ಕಾಫಿ, ಕಬ್ಬು, ನೀಲಿ ಇಂಥಾದ್ದನ್ನ ಸರ್ಕಾರಕ್ಕೆ ಅಂತ ಬೆಳೆಯಲೇಬೇಕು, 1830ರಿಂದ ಇದ್ದ ಪದ್ಧತಿ ಅದು. ಕಾದಂಬರಿ ಶುರುವಾಗೋದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆರಾಮಾಗಿ ಕೂತ ಒಬ್ಬ ಕಾಫಿ ದಲ್ಲಾಳಿಯಿಂದ. ಆದ್ರೆ ಒಳಗೆ ಒಂದು ಕಥೆ ಬರುತ್ತೆ ನೋಡಿ, ಸೈದ್ಯಾ ಅನ್ನೋ ಹುಡುಗಂದು, ಅವರ ಮನೆ ಉಳುವ ಕೋಣನ್ನ ಊರ ಮುಖಂಡ ಕಿತ್ಕೊಂಡು ಹೋಗ್ತಾನೆ, ಅಪ್ಪ ಮನೇಲಿದ್ದ ಹಳೇ ಕಿರೀಸು ಕತ್ತಿ ಮಾರಿ ಇನ್ನೊಂದು ತರ್ತಾನೆ, ಅದನ್ನೂ ಕಿತ್ಕೋತಾರೆ. ಈ ಪುಸ್ತಕ ಓದಿ ಡಚ್ಚರ ದೇಶದಲ್ಲೇ ದೊಡ್ಡ ಗಲಾಟೆ ಆಯ್ತು. 1988ರಲ್ಲಿ ರೈತರಿಗೆ ನ್ಯಾಯದ ಬೆಲೆ ಕೊಡೋ ಕಾಫಿಗೆ ಒಂದು ಗುರುತು ಶುರು ಮಾಡಿದಾಗ ಅದಕ್ಕೆ ಇದೇ ಕಾದಂಬರಿ ಹೆಸರಿಟ್ರು. ದಲ್ಲಾಳಿ, ಬೆಲೆ, ಬೆಳೆದವನ ಪಾಡು, ಇದು ನಿಮ್ಮ ಮಂಡಿ ಮಾತೇ ತಾನೇ.

ನಮ್ಮ ಹಳ್ಳಿ ಜನಕ್ಕೆ ಹೊರಗಿಂದು ತಲೆಗೆ ಹೋಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಹೆಗ್ಗೋಡು ನೋಡಿ ಅನ್ನಿ. ಅಡಿಕೆ ತೋಟದ ನಡುವೆ 1949ರಲ್ಲಿ ನೀನಾಸಂ ಶುರುವಾಗಿ, ಶೇಕ್ಸ್‌ಪಿಯರ್, ಬ್ರೆಕ್ಟ್ ಎಲ್ಲ ಕನ್ನಡದಲ್ಲಿ ಅಲ್ಲಿ ಆಡಿದಾರೆ, ಹೊರದೇಶದ ಸಿನಿಮಾ ತೋರ್ಸಿದಾರೆ, ನೋಡಿದವರು ತೋಟದ ಕೆಲಸ ಮುಗಿಸಿ ಕೈಕಾಲು ತೊಳ್ಕೊಂಡು ಬಂದ ಜನ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂದಿದ್ದು ಆ ಕೆಲಸಕ್ಕೇ.

ಪ್ರಶ್ನೆ (ಶಿವಮೊಗ್ಗ, ಓದುಗರ ಬಳಗದ ಸದಸ್ಯರು): ಹೋದ ಸಲ ಪತ್ರ ಬರೆದವರು ನಾವೇ. ಲೇಖಕರನ್ನ ವಿಮಾನ ಹತ್ತಿಸಿ ಕರೆಸೋ ಶಕ್ತಿ ಸದ್ಯಕ್ಕೆ ನಮಗಿಲ್ಲ, ವಿಡಿಯೋ ಕಾಲಲ್ಲಿ ಮಾಡಿದ್ರೆ ನಡೆಯುತ್ತಾ? ಯಾವಾಗ, ಎಲ್ಲಿ, ಎಷ್ಟು ಹೊತ್ತು, ಯಾವ ಭಾಷೇಲಿ? ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ನಡೆಯುತ್ತೆ. ಲೇಖಕರು ಅಲ್ಲಿ ಲೈವ್ ಇರ್ತಾರೆ, ಜನ ಇಲ್ಲಿ ಒಟ್ಟಿಗೆ ಕೂತಿರ್ತಾರೆ, ಪರದೆ ದೊಡ್ಡದಿರಲಿ, ಅದಕ್ಕಿಂತ ಮುಖ್ಯವಾಗಿ ಸ್ಪೀಕರ್ ಒಳ್ಳೇದಿರಲಿ. ಚಿತ್ರ ಸ್ವಲ್ಪ ಮಸುಕಾದ್ರೆ ಜನ ಸಹಿಸ್ಕೋತಾರೆ, ದನಿ ಒಡೆದ್ರೆ ಎದ್ದು ಹೋಗ್ತಾರೆ. ರೆಕಾರ್ಡ್ ಮಾಡಿದ್ದು ಹಾಕಿ ಲೈವ್ ಅಂತ ಮಾತ್ರ ಹೇಳ್ಬೇಡಿ.

ಮಳೆಗಾಲದಲ್ಲಿ ಬೇಡವೇ ಬೇಡ. ಜೂನಿಂದ ಸೆಪ್ಟೆಂಬರ್ ತನಕ ಕರೆಂಟು ನೆಟ್‌ವರ್ಕು ಎರಡನ್ನೂ ನಂಬಕ್ಕಾಗಲ್ಲ, ಮೇಲಿಂದ ಶೀಟಿನ ಮಾಡು ಇರೋ ಹಾಲ್ ಆದ್ರೆ ಒಂದು ಜೋರು ಮಳೆ ಹೊಡೆದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ್ಮೇಲೆ, ಜನವರಿ ಫೆಬ್ರವರಿ ಚೆನ್ನಾಗಿರುತ್ತೆ. ಆ ತಿಂಗಳಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಇಲ್ಲಿ ಸಂಜೆ ಆರು ಅಂದ್ರೆ ಅಲ್ಲಿ ಮಧ್ಯಾಹ್ನ ಒಂದೂವರೆ, ಅವರಿಗೂ ತೊಂದ್ರೆ ಇಲ್ಲ. ಬೇಸಿಗೇಲಿ ಅವರು ಗಡಿಯಾರ ಮುಂದೆ ಮಾಡ್ಕೋತಾರೆ, ಆಗ ವ್ಯತ್ಯಾಸ ಮೂರೂವರೆ ಗಂಟೆ, ಇದನ್ನ ಪತ್ರದಲ್ಲಿ ಸರಿಯಾಗಿ ಬರೆದು ಖಚಿತ ಮಾಡ್ಕೊಳ್ಳಿ. ಕುವೆಂಪು ರಂಗಮಂದಿರದಷ್ಟು ದೊಡ್ಡ ಜಾಗ ಮೊದಲನೇ ಸಲಕ್ಕೆ ಬೇಡ, ಸಣ್ಣ ಹಾಲಲ್ಲಿ ಎಪ್ಪತ್ತು ಎಂಬತ್ತು ಜನ ಹತ್ತಿರ ಹತ್ತಿರ ಕೂತ್ರೆ ಓದು ಕೇಳಕ್ಕೆ ಹಿತ. ಒಟ್ಟು ಒಂದೂವರೆ ಗಂಟೆ ಇಟ್ಕೊಳ್ಳಿ, ಭದ್ರಾವತಿ ತೀರ್ಥಹಳ್ಳಿ ಕಡೆಯವರಿಗೆ ಬಸ್ ತಪ್ಪಬಾರದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಲೇಖಕರು ಮೊದಲು ಡಚ್‌ನಲ್ಲೇ ಓದಲಿ. ಯಾರಿಗೂ ಅರ್ಥ ಆಗಲ್ಲ ಅಂತ ಅದನ್ನ ತೆಗೀಬೇಡಿ. ಹಿಂದೊಮ್ಮೆ ಒಂದು ಊರಲ್ಲಿ ಹೊರರಾಜ್ಯದ ಕವಿಯೊಬ್ಬರನ್ನ ಕರೆಸಿದ್ರು, ಹೊತ್ತಾಯ್ತು ಅಂತ ಅವರ ಭಾಷೆಯ ಓದನ್ನೇ ಕೈಬಿಟ್ಟು ಅತಿಥಿಗಳ ಭಾಷಣ ಇಟ್ಕೊಂಡ್ರು, ಆ ಕವಿ ಕೈಲಿ ಹಾಳೆ ಹಿಡ್ಕೊಂಡು ಕೂತೇ ಇದ್ರು, ನಾನು ಎದುರು ಸಾಲಲ್ಲಿದ್ದೆ, ಇವತ್ತಿಗೂ ಸಂಕಟ ಆಗುತ್ತೆ. ಮೂರು ನಾಲ್ಕು ನಿಮಿಷ ಮೂಲದಲ್ಲಿ ಓದಲಿ, ಬರೆದವರು ಎಲ್ಲಿ ಉಸಿರು ತಗೋತಾರೆ, ಎಲ್ಲಿ ಅವಸರ ಮಾಡ್ತಾರೆ, ಎಲ್ಲಿ ದನಿ ಇಳಿಸ್ತಾರೆ ಅನ್ನೋದು ಕಿವಿಗೆ ಬೀಳುತ್ತೆ, ಆಮೇಲೆ ಅದೇ ಭಾಗ ಕನ್ನಡದಲ್ಲಿ ಬಂದಾಗ ಅದು ಜೊತೆಗೇ ಬರುತ್ತೆ. ರಾಟರ್‌ಡ್ಯಾಮ್ ಹಬ್ಬದಲ್ಲಿ ಕವಿಗಳು ತಮ್ಮ ತಮ್ಮ ಭಾಷೇಲೇ ಓದ್ತಾರೆ, ಅನುವಾದ ಪರದೆ ಮೇಲೆ ಬರ್ತಿರುತ್ತೆ. ನೀವು ಬೇಕಾದ್ರೆ ಕನ್ನಡ ಪಠ್ಯನ ಹಾಳೇಲಿ ಅಚ್ಚು ಹಾಕ್ಸಿ ಬಾಗಿಲಲ್ಲೇ ಕೊಡಿ.

ಕನ್ನಡದ ಓದಿಗೆ ಒಳ್ಳೇ ದನಿ ಬೇಕು. ನೀನಾಸಂನಲ್ಲಿ ಕಲಿತವರು, ರಂಗಾಯಣದ ನಟರು ನಿಮ್ಮ ಊರಲ್ಲೇ ಇದಾರೆ, ಕೇಳಿ. ಆದ್ರೆ ನಾಟಕ ಮಾಡ್ಬೇಡಿ ಅಂತ ಮೊದಲೇ ಹೇಳಿ, ಬಾಕ್ಕರ್ ಪುಸ್ತಕದಂಥಾದ್ದನ್ನ ಅಳ್ತಾ ಓದಿದ್ರೆ ಕೆಟ್ಟೇ ಹೋಗುತ್ತೆ, ಮನೇಲಿ ಪೇಪರ್ ಓದಿ ಹೇಳೋವಷ್ಟು ಸಹಜವಾಗಿ ಓದ್ಬೇಕು. ಲೇಖಕರ ಜೊತೆ ಒಂದು ಸಲ ಇಬ್ಬರೂ ಸೇರಿ ಓದಿ ಪ್ರಾಕ್ಟೀಸ್ ಮಾಡಿದ್ರೆ ಇನ್ನೂ ಒಳ್ಳೇದು.

ಸಂದರ್ಶನ ಮಾಡೋರು ಪುಸ್ತಕ ಕೊನೇ ಪುಟದ ತನಕ ಓದಿರಲೇಬೇಕು. ನಿಮಗೆ ಬರೆಯಕ್ಕೆ ಸ್ಫೂರ್ತಿ ಏನು, ನಿಮ್ಮ ಬಾಲ್ಯದ ಬಗ್ಗೆ ಹೇಳಿ, ನಮ್ಮ ದೇಶ ಹೇಗನ್ಸುತ್ತೆ, ಇಂಥ ಪ್ರಶ್ನೆ ಬೇಡ. ಅಪ್ಪನ್ನ ಮಹಡಿಗೆ ಸಾಗಿಸಿದ ದಿನವೇ ಮಗ ಯಾಕೆ ಗೋಡೆಗೆ ಬಣ್ಣ ಬಳೀತಾನೆ ಅಂತ ಕೇಳಿ, ಆಗ ಲೇಖಕರೂ ನೆಟ್ಟಗೆ ಕೂತು ಉತ್ತರ ಕೊಡ್ತಾರೆ. ಪ್ರಶ್ನೆ ಕನ್ನಡದಲ್ಲೇ ಕೇಳಿ, ಪಕ್ಕದಲ್ಲಿ ಒಬ್ಬ ಅನುವಾದಕರು ಕೂತು ಇಂಗ್ಲಿಷಿಗೆ ಹೇಳಲಿ, ಬಂದ ಉತ್ತರನ ಎರಡು ಮೂರು ವಾಕ್ಯಕ್ಕೊಂದ್ಸಲ ಕನ್ನಡಕ್ಕೆ ತರಲಿ. ಡಚ್ ಲೇಖಕರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಹೊತ್ತು ಜಾಸ್ತಿ ತಗೊಳುತ್ತೆ ಅಂತ ಪೂರ್ತಿ ಇಂಗ್ಲಿಷಲ್ಲಿ ಮುಗಿಸ್ಬೇಡಿ, ಹಿಂದಿನ ಸಾಲಲ್ಲಿ ಕೂತ ರೈತರಿಗೆ ತಮ್ಮ ಪ್ರಶ್ನೆಗೂ ಜಾಗ ಇದೆ ಅನ್ನಿಸ್ಬೇಕು.

ಇನ್ನು ಎರಡು ವಿಷಯ ಬೇಗ ಹೇಳ್ಬಿಡ್ತೀನಿ. ಅನುವಾದ ಮಾಡಿ ಸಾರ್ವಜನಿಕವಾಗಿ ಓದಕ್ಕೆ ಹಕ್ಕು ಇರೋರ ಅನುಮತಿ ಬೇಕು, ಪ್ರಕಾಶಕರಿಗೆ ಮೊದಲೇ ಬರೀರಿ. ಮತ್ತೆ ಲೇಖಕರಿಗೂ ಅನುವಾದಕರಿಗೂ ನಿಮ್ಮ ಕೈಲಾದ ಗೌರವಧನ ಕೊಡಿ, ಎಷ್ಟು ಅನ್ನೋದನ್ನ ಮೊದಲ ಪತ್ರದಲ್ಲೇ ಹೇಳಿ. ಮುಂದೆ ಯಾವ್ದಾದ್ರೂ ಕನ್ನಡ ಪ್ರಕಾಶಕರು ಪೂರ್ತಿ ಪುಸ್ತಕ ತರೋ ಮನಸ್ಸು ಮಾಡಿದ್ರೆ, ನೆದರ್ಲೆಂಡ್ಸ್‌ನ ಸಾಹಿತ್ಯ ನಿಧಿ ಮತ್ತೆ ಫ್ಲಾಂಡರ್ಸ್ ಸಾಹಿತ್ಯ ಸಂಸ್ಥೆ ಎರಡೂ ಅನುವಾದಕ್ಕೆ ಸಹಾಯಧನ ಕೊಡ್ತವೆ, ಅರ್ಜಿ ಹಾಕ್ಬೇಕಾದ್ದು ಪ್ರಕಾಶಕರು.

ಪ್ರಶ್ನೆ (ಭದ್ರಾವತಿಯಿಂದ ಒಬ್ಬರು): ನಮ್ಮ ಕನ್ನಡದ ಲೇಖಕರನ್ನೇ ಕೇಳೋರಿಲ್ಲ, ನಿಮಗೆ ಡಚ್ ಬೇಕಾ? ವಸಾಹತು ಮಾಡಿ ಲೂಟಿ ಹೊಡೆದವರಿಗೆ ನಾವು ಮಣೆ ಹಾಕ್ಬೇಕಾ?

ಉತ್ತರ: ನಿಮ್ಮ ಸಿಟ್ಟಲ್ಲಿ ನ್ಯಾಯ ಇದೆ. ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲಿ ಹುಟ್ಟಿದ್ದು, ನಮ್ಮ ಕೆಳದಿ ಅರಸರ ಕಾಲದಲ್ಲಿ ಬಸ್ರೂರಿನ ಅಕ್ಕಿಗೆ, ಘಟ್ಟದ ಮೆಣಸಿಗೆ ಅವರೂ ಬಂದಿದ್ರು. ಜಾವಾದಲ್ಲಿ ಮಾಡಿದ್ದನ್ನ ಮೇಲೆ ಹೇಳಿದೀನಿ. ಆದ್ರೆ ಅದನ್ನ ಬಯಲಿಗೆ ತಂದವರಲ್ಲಿ ಅವರ ಲೇಖಕರೇ ಮುಂದಿದ್ರು ಅನ್ನೋದೂ ನಿಜ. ಹೆಲ್ಲಾ ಹಾಸೆ ಅಂತ ಲೇಖಕಿ, ಜಾವಾದಲ್ಲೇ ಹುಟ್ಟಿ ಬೆಳೆದವರು, 1948ರಲ್ಲಿ ಪುಸ್ತಕ ವಾರದ ಉಚಿತ ಪುಸ್ತಕವಾಗಿ ಬಂದಿದ್ದು ಅವರ ಕಿರುಕಾದಂಬರಿ, ತೋಟ ನೋಡ್ಕೊಳ್ಳೋ ಡಚ್ ಮ್ಯಾನೇಜರ್ ಮಗ, ಅಲ್ಲಿಯ ಸ್ಥಳೀಯ ಹುಡುಗ, ಇಬ್ಬರ ಸ್ನೇಹ ಒಡೆದು ಹೋಗೋ ಕಥೆ. ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟ ಆಗ ಇನ್ನೂ ನಡೀತಾ ಇತ್ತು, ಅಂಥ ಹೊತ್ತಲ್ಲಿ ಆ ಪುಸ್ತಕ ಡಚ್ಚರ ಮನೆ ಮನೆಗೆ ಹೋಯ್ತು. ಇವತ್ತಿನ ಲೇಖಕರು ಬಂದು ಕೂತಾಗ ವಸಾಹತಿನ ಬಗ್ಗೆ ನೇರವಾಗಿ ಕೇಳಿ, ಕೇಳ್ಲೇಬೇಕು, ಓದ್ಕೊಂಡು ಹೋಗಿ ಕೇಳಿ.

ಕನ್ನಡದವರನ್ನ ಕೇಳೋರಿಲ್ಲ ಅನ್ನೋದಕ್ಕೆ ನನ್ನ ಸಲಹೆ ಏನಂದ್ರೆ ಅದೇ ವೇದಿಕೆ ಮೇಲೆ ಒಬ್ಬ ಕನ್ನಡ ಲೇಖಕರನ್ನೂ ಕೂರಿಸಿ, ಅವರೂ ಓದಲಿ, ಅವರ ಅನುವಾದ ಆ ಕಡೆಯವರು ಕೇಳಲಿ. 2025ರಲ್ಲಿ ಬುಕರ್ ತಗೊಳ್ಳಕ್ಕೆ ಬಾನು ಮುಷ್ತಾಕ್ ಅವರ ಜೊತೆಗೆ ಅವರ ಅನುವಾದಕಿ ದೀಪಾ ಭಾಸ್ತಿ ಅವರೂ ವೇದಿಕೆ ಹತ್ತಿದ್ರು, ಐವತ್ತು ಸಾವಿರ ಪೌಂಡ್ ಇಬ್ಬರಿಗೂ ಸಮ ಪಾಲು. 2020ರಲ್ಲಿ ರೈನೆವೆಲ್ಡ್ ಮತ್ತೆ ಅವರ ಅನುವಾದಕಿ ಮಿಶೆಲ್ ಹಚಿಸನ್ ಅವರಿಗೂ ಹಾಗೇ ಹಂಚಿದ್ರು. ಹಾಸನದ ಕಥೆ ಹೊರಗಿನವರು ಕೂತು ಕೇಳಿದ್ರು ಅಂತ ನಾವು ಹೆಮ್ಮೆ ಪಡ್ತೀವಿ, ಅಂದ್ಮೇಲೆ ಅವರ ಹಳ್ಳಿ ಕಥೆ ಕೇಳಕ್ಕೆ ನಮ್ಮಲ್ಲೂ ಒಂದು ಸಂಜೆ ಇರ್ಲಿ.

ಪ್ರಶ್ನೆ (ಸೊರಬ, ಗೃಹಿಣಿ): ನಂಗೆ ಹೋಗ್ಬೇಕು ಅಂತ ಆಸೆ. ಮೊದಲು ಯಾವ ಪುಸ್ತಕ ಓದ್ಲಿ? ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಉತ್ತರ: ಬಾಕ್ಕರ್ ಅವರ ಕಾದಂಬರಿಯಿಂದ ಶುರು ಮಾಡಿ, ಸರಳವಾದ ಇಂಗ್ಲಿಷಲ್ಲಿದೆ, ದಿನಕ್ಕೆ ಹತ್ತು ಪುಟ ಓದಿದ್ರೂ ಸಾಕು. ಇಂಗ್ಲಿಷ್ ಕಷ್ಟ ಅನ್ಸಿದ್ರೆ ಏನೂ ಓದದೆ ಹಾಗೇ ಹೋಗಿ ಕೇಳಿ, ಓದಿರಲೇಬೇಕು ಅನ್ನೋ ನಿಯಮ ಸಂದರ್ಶನ ಮಾಡೋರಿಗೆ ಮಾತ್ರ. ರೈನೆವೆಲ್ಡ್ ಪುಸ್ತಕ ಮಕ್ಕಳ ಕೈಗೆ ಕೊಡ್ಬೇಡಿ, ಅದರಲ್ಲಿ ಕ್ರೌರ್ಯ ಇದೆ, ಮಕ್ಕಳ ಮೇಲಾಗೋ ಕೆಟ್ಟ ಸಂಗತಿಗಳಿವೆ, ದೊಡ್ಡವರಿಗೂ ಓದಕ್ಕೆ ಕಷ್ಟ. ಆ ಭಾಗ ಓದೋ ಸಂಜೆಗೆ ಮಕ್ಕಳು ಬೇಡ.

ಮಕ್ಕಳಿಗೆ ಬೇರೆನೇ ಇದೆ. ಡಿಕ್ ಬ್ರೂನಾ 1955ರಲ್ಲಿ ಶುರು ಮಾಡಿದ ಪುಟ್ಟ ಬಿಳಿ ಮೊಲದ ಪುಸ್ತಕಗಳು, ಮಿಫಿ ಅಂತ ಹೆಸರು, ನೋಡಿದ್ರೆ ನಿಮಗೂ ಗುರುತು ಸಿಗುತ್ತೆ. ಆನಿ ಸ್ಮಿತ್ ಅಂತ ಇನ್ನೊಬ್ಬರು, ಮಕ್ಕಳ ಸಾಹಿತ್ಯದ ಆಂಡರ್ಸನ್ ಪ್ರಶಸ್ತಿ 1988ರಲ್ಲಿ ಬಂದವರು, ಅಕ್ಕಪಕ್ಕದ ಮನೆಯ ಒಬ್ಬ ಹುಡುಗ ಒಬ್ಬಳು ಹುಡುಗಿ ದಿನಾ ಆಡೋ ಆಟದ ಸಣ್ಣ ಸಣ್ಣ ಕಥೆ ಬರೆದಿದಾರೆ, ಐದು ನಿಮಿಷಕ್ಕೆ ಒಂದು ಮುಗಿಯುತ್ತೆ. ಶಿವಮೊಗ್ಗದ ಬಳಗದವರಿಗೆ ಇಲ್ಲೇ ಹೇಳ್ತಾ ಇದೀನಿ, ಅದೇ ದಿನ ಬೆಳಿಗ್ಗೆ ಮಕ್ಕಳಿಗೆ ಅಂತ ಒಂದು ಗಂಟೆ ಬೇರೆ ಇಡಿ, ಯಾವ್ದಾದ್ರೂ ಶಾಲೆಯ ಅಂಗಳದಲ್ಲಾದ್ರೂ ಸರಿ, ಸೊರಬದಿಂದ ಬರೋ ಈ ತಾಯಿಗೆ ಬೆಳಗಿನದೂ ಸಂಜೆದೂ ಎರಡೂ ಸಿಗೋ ಹಾಗೆ ಮಧ್ಯಾಹ್ನ ಒಂದು ಊಟದ ವ್ಯವಸ್ಥೆ ಮಾಡಿ.